ಡೋಂಟ್ ಲುಕ್ ಅಪ್: ಪ್ರೇಕ್ಷಕರ ಅಭಿಪ್ರಾಯಗಳು

ಡೋಂಟ್ ಲುಕ್ ಅಪ್ ಅಮೆರಿಕದ ವಿಡಂಬನಾ ಚಿತ್ರ. ಭೂಮಿಯ ಅಂತ್ಯದ ಕಥೆಯನ್ನು ನಗಿಸುತ್ತಲೇ ಹೇಳುವ ಇದನ್ನು ಬರೆದು ನಿರ್ದೇಶಿಸಿದವರು ಆಡಮ್ ಮೆಕೇ. ಕಥೆಯಲ್ಲಿ ಪತ್ರಕರ್ತ ಡೇವಿಡ್ ಸಿರೋಟಾ ಅವರ ಪಾಲೂ ಇದೆ. 2021ರ ಡಿಸೆಂಬರ್ 10ರಂದು ಕೆಲವೇ ಚಿತ್ರಮಂದಿರಗಳಲ್ಲಿ ತೆರೆಕಂಡು, ಅದೇ ತಿಂಗಳ 24ರಂದು ನೆಟ್‌ಫ್ಲಿಕ್ಸ್‌ಗೆ ಬಂತು. ನೋಡಿದವರನ್ನು ಇಷ್ಟು ಸ್ಪಷ್ಟವಾಗಿ ಎರಡು ಪಾಳಯ ಮಾಡಿದ ಹಾಸ್ಯಚಿತ್ರ ಈಚೆಗೆ ಅಪರೂಪ.

ಖಗೋಳಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ ಕೇಟ್ ಡಿಬಿಯಾಸ್ಕಿ (ಜೆನಿಫರ್ ಲಾರೆನ್ಸ್) ಒಂದು ಧೂಮಕೇತುವನ್ನು ಕಂಡುಹಿಡಿಯುತ್ತಾಳೆ. ಇನ್ನು ಆರು ತಿಂಗಳಲ್ಲಿ ಅದು ಭೂಮಿಗೆ ಅಪ್ಪಳಿಸುತ್ತದೆ ಎಂಬುದು ಪ್ರಾಧ್ಯಾಪಕ ರ್‍ಯಾಂಡಲ್ ಮಿಂಡಿ (ಲಿಯನಾರ್ಡೊ ಡಿಕಾಪ್ರಿಯೊ) ಹಾಕಿದ ಲೆಕ್ಕದಿಂದ ಗೊತ್ತಾಗುತ್ತದೆ. ಅಧ್ಯಕ್ಷೆಗೆ (ಮೆರಿಲ್ ಸ್ಟ್ರೀಪ್) ಚುನಾವಣೆಯ ಚಿಂತೆ, ಟಿ.ವಿ. ನಿರೂಪಕರಿಗೆ ಲಘುವಾದ ಹರಟೆ ಬೇಕು. ಧೂಮಕೇತುವಿನಲ್ಲಿ ಬೆಲೆಬಾಳುವ ಖನಿಜಗಳಿವೆ ಎಂದು ತಿಳಿದ ಉದ್ಯಮಿಯ (ಮಾರ್ಕ್ ರೈಲನ್ಸ್) ಮಾತು ಕೇಳಿ, ಅದರ ದಿಕ್ಕು ತಪ್ಪಿಸಲು ಹೊರಟಿದ್ದ ಕಾರ್ಯಾಚರಣೆಯನ್ನೇ ಸರ್ಕಾರ ಅರ್ಧಕ್ಕೆ ಕೈಬಿಡುತ್ತದೆ.

ನೆಟ್‌ಫ್ಲಿಕ್ಸ್‌ನಲ್ಲಿ ಚಿತ್ರ ದಾಖಲೆ ಬರೆಯಿತು. ಡಿಸೆಂಬರ್ 27ರಿಂದ ಜನವರಿ 2ರವರೆಗಿನ ಒಂದೇ ವಾರದಲ್ಲಿ ಜನ ಇದನ್ನು 15 ಕೋಟಿ ಗಂಟೆಗೂ ಹೆಚ್ಚು ಹೊತ್ತು ನೋಡಿದರು. ಆವರೆಗೆ ಆ ವೇದಿಕೆಯ ಯಾವ ಚಿತ್ರಕ್ಕೂ ಒಂದು ವಾರದಲ್ಲಿ ಅಷ್ಟು ವೀಕ್ಷಣೆ ಸಿಕ್ಕಿರಲಿಲ್ಲ. ವಿಮರ್ಶಕರು ಮಾತ್ರ ಅಷ್ಟು ಉದಾರವಾಗಿರಲಿಲ್ಲ. ರಾಟನ್ ಟೊಮ್ಯಾಟೋಸ್‌ನಲ್ಲಿ ಮೆಚ್ಚಿದ ವಿಮರ್ಶಕರ ಪ್ರಮಾಣ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು, ಸಾಮಾನ್ಯ ನೋಡುಗರದು ಮುಕ್ಕಾಲರ ಆಸುಪಾಸು. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆ, ಎರಡು ಗಂಟೆ ಮೀರಿ ಎಳೆಯುತ್ತದೆ, ಸುಲಭದ ಗುರಿಗಳಿಗೆ ಮಾತ್ರ ಬಾಣ ಬಿಡುತ್ತದೆ, ಸಾಮಾನ್ಯ ಜನರನ್ನು ದಡ್ಡರೆಂದು ಕಾಣುತ್ತದೆ ಎಂಬುವು ಮುಖ್ಯ ಆಕ್ಷೇಪಗಳು. ಸ್ಟ್ಯಾನ್ಲಿ ಕುಬ್ರಿಕ್ ಅವರ ಡಾಕ್ಟರ್ ಸ್ಟ್ರೇಂಜ್‌ಲವ್ (1964) ಚಿತ್ರದ ಪಕ್ಕದಲ್ಲಿಟ್ಟು ಇದರ ಹರಿತ ಸಾಲದು ಎಂದವರೂ ಇದ್ದಾರೆ.

ಹವಾಮಾನ ವಿಜ್ಞಾನಿಗಳ ಪ್ರತಿಕ್ರಿಯೆಯೇ ಬೇರೆ. ಪೀಟರ್ ಕಾಲ್ಮಸ್ ದಿ ಗಾರ್ಡಿಯನ್ ಪತ್ರಿಕೆಯಲ್ಲಿ ಬರೆಯುತ್ತಾ, ಹವಾಮಾನ ಕುಸಿತದ ಎದುರು ಸಮಾಜ ಕೈಕಟ್ಟಿ ಕುಳಿತಿರುವ ಬಗೆಯನ್ನು ಇಷ್ಟು ನಿಖರವಾಗಿ ತೋರಿಸಿದ ಚಿತ್ರವನ್ನು ತಾವು ನೋಡಿಲ್ಲ ಎಂದರು. ಮೈಕೆಲ್ ಮನ್ ಕೂಡ ಮೆಚ್ಚಿದರು. ವಿಮರ್ಶಕರಿಗೆ ಅತಿರೇಕವೆನಿಸಿದ ದೃಶ್ಯಗಳಲ್ಲಿ ಇವರು ಕಂಡದ್ದು ತಮ್ಮದೇ ಅನುಭವವನ್ನು: ವರ್ಷಗಟ್ಟಲೆ ಅಂಕಿಅಂಶ ಮುಂದಿಟ್ಟರೂ ಕೇಳುವವರಿಲ್ಲದ ಸಂಕಟ. ನೇರ ಪ್ರಸಾರದಲ್ಲಿ ತಾಳ್ಮೆಗೆಟ್ಟು ಕೂಗಿದ ಕೇಟ್ ನಗೆಪಾಟಲಾಗುವ ಪ್ರಸಂಗವನ್ನು ಹಾಗೆ ಬದುಕಿದವರ ಕಣ್ಣಿನಿಂದ ನೋಡಿದರೆ, ಚಿತ್ರ ಗಟ್ಟಿಯಾಗಿ ಕೂಗುತ್ತದೆ ಎಂಬ ದೂರು ಅರ್ಧ ಬಲ ಕಳೆದುಕೊಳ್ಳುತ್ತದೆ. ಖಗೋಳವಿಜ್ಞಾನದ ವಿವರಗಳಿಗೆ ಸಲಹೆಗಾರರಾಗಿದ್ದವರು ಭೂಮಿಯ ಸಮೀಪ ಸುಳಿಯುವ ಆಕಾಶಕಾಯಗಳ ತಜ್ಞೆ ಏಮಿ ಮೈಂಜರ್.

ಮೆಕೇ ಮನಸ್ಸಿನಲ್ಲಿದ್ದದ್ದು ಹವಾಮಾನ ಬದಲಾವಣೆ. ಚಿತ್ರ ಮಾಡುವುದಾಗಿ ಘೋಷಿಸಿದ್ದು 2019ರಲ್ಲಿ. ತೆರೆಗೆ ಬರುವ ಹೊತ್ತಿಗೆ ಕೋವಿಡ್ ಬಂದಿತ್ತು. ಹಾಗಾಗಿ ಅನೇಕರು ಧೂಮಕೇತುವಿನ ಜಾಗದಲ್ಲಿ ವೈರಸ್ಸನ್ನಿಟ್ಟು ನೋಡಿದರು. ರೂಪಕದ ಬಗ್ಗೆ ಎದ್ದ ತಕರಾರು ಹೆಚ್ಚು ಗಂಭೀರವಾದದ್ದು. ಧೂಮಕೇತು ಒಂದೇ ಏಟಿಗೆ ಎಲ್ಲರನ್ನೂ ಮುಗಿಸುತ್ತದೆ. ಭೂಮಿಯ ತಾಪ ಏರುವುದು ನಿಧಾನವಾಗಿ, ಅದರ ಹೊಡೆತ ಮೊದಲು ಬೀಳುವುದು ಬಡವರ ಮೇಲೆ. ಅದಕ್ಕೆ ಕಾರಣವೂ ಆಕಾಶದಿಂದ ಬಂದದ್ದಲ್ಲ, ಮನುಷ್ಯರೇ ಸುಟ್ಟ ಕಲ್ಲಿದ್ದಲು ಮತ್ತು ತೈಲ. ಈ ಮಾತು ಸರಿ. ಖನಿಜದ ಆಸೆಯ ಉಪಕಥೆ ಆ ಕೊರತೆಯನ್ನು ಸ್ವಲ್ಪ ಮಟ್ಟಿಗಷ್ಟೇ ತುಂಬುತ್ತದೆ.

ಚಿತ್ರ ನಾಲ್ಕು ಆಸ್ಕರ್ ನಾಮನಿರ್ದೇಶನ ಪಡೆಯಿತು, ಅತ್ಯುತ್ತಮ ಚಿತ್ರ ವಿಭಾಗವೂ ಅದರಲ್ಲಿ ಸೇರಿತ್ತು; ಪ್ರಶಸ್ತಿ ಬರಲಿಲ್ಲ. ಮೂಲ ಚಿತ್ರಕಥೆಗೆ ಅಮೆರಿಕದ ಬರಹಗಾರರ ಸಂಘದ ಪ್ರಶಸ್ತಿ ಸಂದಿತು.

ಇಷ್ಟಪಡದ ಹಲವರಿಗೂ ಹಿಡಿಸಿದ್ದು ಕೊನೆಯ ಊಟದ ದೃಶ್ಯ. ಮಿಂಡಿಯ ಮನೆಯವರೂ ಗೆಳೆಯರೂ ಮೇಜಿನ ಸುತ್ತ ಕೈ ಹಿಡಿದು ಪ್ರಾರ್ಥಿಸಿ, ಕಾಫಿಯ ರುಚಿಯಂಥ ಸಣ್ಣ ವಿಷಯ ಮಾತಾಡುತ್ತಾ ಕೂರುತ್ತಾರೆ. ಅದುವರೆಗೆ ಗದ್ದಲದಿಂದ ಓಡುತ್ತಿದ್ದ ಚಿತ್ರ ತನ್ನ ಪಾತ್ರಗಳನ್ನು ನಿಜವಾಗಿ ಪ್ರೀತಿಸುವುದು ಇಲ್ಲೇ. ಇದಾದ ಮೇಲೆ ಬರುವ, ಸಾವಿರಾರು ವರ್ಷಗಳಾಚೆ ಬೇರೊಂದು ಗ್ರಹಕ್ಕಿಳಿದ ಸಿರಿವಂತರ ಪ್ರಸಂಗ ನಗು ತರಿಸುತ್ತದೆ, ಆದರೆ ಊಟದ ದೃಶ್ಯ ಕಟ್ಟಿದ ಭಾವವನ್ನು ಸಡಿಲಗೊಳಿಸುತ್ತದೆ.