ಕೊಪ್ಪಳ ಸೀಮೆ: ಪ್ರತಿರೋಧದಿಂದ ರಾಷ್ಟ್ರೀಯತೆಗೆ

ಎರಡು ಪದರದ ಆಳ್ವಿಕೆ

ಪರಾಧೀನ ಜನರ ಪ್ರತಿಕ್ರಿಯೆ ಎಲ್ಲೆಡೆ ಒಂದೇ ಬಗೆಯದಲ್ಲ. ಕೆಲವರು ಹೊಂದಿಕೊಳ್ಳುತ್ತಾರೆ, ಕೆಲವರು ಬಂಡೇಳುತ್ತಾರೆ. ಇನ್ನು ಕೆಲವರು ಶಾಲೆ, ಸಂಘಗಳನ್ನು ಕಟ್ಟುತ್ತಾರೆ. ಈ ಮೂರನ್ನೂ ಕೊಪ್ಪಳ ಸೀಮೆಯಲ್ಲಿ ಕಾಣಬಹುದು. ಇಲ್ಲಿನ ದೊರೆ ಹೈದರಾಬಾದಿನ ನಿಜಾಮ; 1798ರ ಸಹಾಯಕ ಸೈನ್ಯ ಒಪ್ಪಂದದ ಬಳಿಕ ಅವನ ಮೇಲೆ ಇಂಗ್ಲಿಷರ ಹಿಡಿತವಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಗಂಗಾವತಿ ಸೀಮೆಯಿಂದ ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಎರಡೂ ದಡಗಳ ಮಾತು ಕನ್ನಡವೇ. ಆದರೆ ನಾಣ್ಯ ಬೇರೆ, ಕಚೇರಿ ಭಾಷೆ ಬೇರೆ. ನಡುವೆ ಕರೋಡಗಿರಿ, ಅಂದರೆ ಸುಂಕದ ಇಲಾಖೆಯ ನಾಕಾ.

ಕೋಟೆಯ ಬಂಡಾಯಗಳು

1819ರಲ್ಲಿ ಜಮೀನ್ದಾರ ವೀರಪ್ಪ ಕೊಪ್ಪಳದ ಕೋಟೆ ಹಿಡಿದಾಗ ಅದನ್ನು ಮರಳಿ ಪಡೆಯಲು ನಿಜಾಮನಿಗೆ ಇಂಗ್ಲಿಷ್ ಸೈನ್ಯದ ನೆರವು ಬೇಕಾಯಿತು. 1858ರ ಮೇ ಕೊನೆಯಲ್ಲಿ ಅದೇ ಕೋಟೆಯನ್ನು ಮುಂಡರಗಿ ಭೀಮರಾಯ ಹಾಗೂ ಹಮ್ಮಿಗೆಯ ಕೆಂಚನಗೌಡ ವಶಪಡಿಸಿಕೊಂಡರು. ಭೀಮರಾಯ ಹಿಂದೆ ಕಂಪನಿ ಸರ್ಕಾರದ ನೌಕರನೇ ಆಗಿದ್ದವನು. ಹಮ್ಮಿಗೆಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಸರ್ಕಾರದ ಕೈಸೇರಿದ್ದರಿಂದ ಅವನು ಎಣಿಸಿದ್ದಕ್ಕಿಂತ ಬೇಗ ಎದ್ದು, ಡಂಬಳದ ಖಜಾನೆ ಒಡೆದು ಕೊಪ್ಪಳಕ್ಕೆ ಬಂದ. ಜೂನ್ 1ರಂದು ಕೋಟೆ ಬಿದ್ದಿತು. ಅವನೂ ಹೋರಾಡುತ್ತಲೇ ಮಡಿದ. ಈ ಬಂಡಾಯಗಳನ್ನು ರಾಷ್ಟ್ರೀಯ ಹೋರಾಟವೆಂದು ಕರೆಯುವುದು ರೂಢಿ. ಆದರೆ ಅಧಿಕಾರ, ಇನಾಮು, ಆಯುಧ ಕಳೆದುಕೊಂಡವರ ಕೋಪವೂ ಅವುಗಳಲ್ಲಿತ್ತು. ರೈತರಿಗೆಲ್ಲ ಸೇರಿದ ಒಂದೇ ಬೇಡಿಕೆ ಇನ್ನೂ ಮೂಡಿರಲಿಲ್ಲ.

ಭಾಷೆ ಮತ್ತು ಸಂಘಟನೆ

ಆ ಬೇಡಿಕೆ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಆಡಳಿತವೂ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿದ್ದವು. ಕನ್ನಡದ ರೈತ ತನ್ನ ಹೊಲದ ಕಾಗದವನ್ನು ತಾನೇ ಓದಲಾರ. ಸಭೆಗೆ ಮುಂಚಿತ ಅನುಮತಿ ಬೇಕೆಂದು ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ ವಿಧಿಸಿತ್ತು. ಹೀಗಾಗಿ ಶಾಲೆ, ಸಾಹಿತ್ಯ ಸಂಘಗಳೇ ರಾಜಕೀಯದ ಮೊದಲ ಪಾಠಶಾಲೆಗಳಾದವು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ, ಅದು ಕಣ್ತೆರೆಯುವ ಮೊದಲೇ ನಿಷೇಧಿಸಲಾಯಿತು.

ಗಡಿ ಶಿಬಿರಗಳು

1947ರ ಆಗಸ್ಟ್ 15 ಇಲ್ಲಿಗೆ ಸ್ವಾತಂತ್ರ್ಯ ತರಲಿಲ್ಲ. ನಿಜಾಮ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಅವನ ಪರ ನಿಂತ ರಜಾಕಾರರೆಂಬ ಸಶಸ್ತ್ರ ಪಡೆಯ ಹಾವಳಿ ಹೆಚ್ಚಿತು. ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿ, ಗಜೇಂದ್ರಗಡದಲ್ಲಿ ಪುರ್ತಗೇರಿಯ ಪುಂಡಲೀಕಪ್ಪ ಜ್ಞಾನಮೋಠೆ ಶಿಬಿರ ನಡೆಸಿದರು. ಹೋರಾಟಗಾರರ ಗುರಿ ಸುಂಕದ ನಾಕಾ ಮತ್ತು ಪೊಲೀಸ್ ಠಾಣೆ. ಸೇಂದಿಯ ಆದಾಯ ತಪ್ಪಿಸಲು ಈಚಲು ಮರಗಳನ್ನೂ ಕಡಿದರು. ಆಳ್ವಿಕೆ ಜನರ ಕಣ್ಣಿಗೆ ಬೀಳುತ್ತಿದ್ದುದು ಅರಮನೆಯಲ್ಲಲ್ಲ, ಇಂಥಲ್ಲಿಯೇ.

ವಿಲೀನ

1948ರ ಸೆಪ್ಟೆಂಬರ್ 13ರಂದು ಆರಂಭವಾದ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆ 17ರಂದು ನಿಜಾಮನ ಶರಣಾಗತಿಯೊಂದಿಗೆ ಮುಗಿಯಿತು. ಶಿವಮೂರ್ತಿ ಸ್ವಾಮಿ 1952ರಲ್ಲಿ ಕುಷ್ಟಗಿಯಿಂದ ಲೋಕಸಭೆಗೆ ಆಯ್ಕೆಯಾದರು. ಭಾಷೆಯ ಬೇಡಿಕೆ ಈಡೇರಲು ಇನ್ನೂ ಕೆಲ ಕಾಲ ಹಿಡಿಯಿತು: ಹೈದರಾಬಾದ್ ರಾಜ್ಯದ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.