ಫೈನಲ್ಲಿಗೆ ಮುಂಚೆ ಕಾಲು ನೋಡಿ

ಎರಡು ದೇಶಗಳು ಫುಟ್‌ಬಾಲ್ ಫೈನಲ್ಲಿಗೆ ಬಂದು ನಿಂತಾಗ ಪತ್ರಿಕೆಗಳು ಎರಡು ಬಾವುಟ ಅಚ್ಚು ಹಾಕುತ್ತವೆ. ಇಬ್ಬರು ನಾಯಕರ ಮುಖ ಹಾಕುತ್ತವೆ. ಯಾರು ಗೆಲ್ತಾರೆ ಅಂತ ಪಂಡಿತರು ಲೆಕ್ಕ ಬಿಡಿಸುತ್ತಾರೆ. ಕಾಲಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಆಡೋದು ಬಾವುಟ ಅಲ್ಲ, ಕಾಲು. ಆ ಕಾಲು ಯಾವ ಕೇರಿಯಿಂದ ಬಂತು, ಅದಕ್ಕೆ ಬೂಟು ಯಾವಾಗ ಸಿಕ್ತು, ಸೋತಾಗ ಅದರ ಮೇಲೆ ಏನೇನು ಹೊರಿಸಿದರು? ನಮ್ಮ ಪ್ರಶ್ನೆ ಇದು.

ಶೆಟ್ಟಿಕೆರೆಯ ತೆಂಗಿನ ಸಾಲುಗಳ ನಡುವೆ ಕೂತು ಇದನ್ನು ಕೇಳುವುದಕ್ಕೆ ಕಾರಣ ಇದೆ. ನಮ್ಮ ಅಜ್ಜಂದಿರು ಊರೊಳಗಿನ ಬೀದಿಗೆ ಬಂದಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದವರು. ಬೇರೆಯವರ ತೋಟದ ಕಾಯಿ ಕೆಡವಿ, ಸುಲಿದು, ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಮೂಟೆ ಹೊತ್ತವರು. ಬರಿಗಾಲು ನಮಗೆ ಬಡತನ ಒಂದೇ ಅಲ್ಲ, ಅದೊಂದು ಆಜ್ಞೆ. ಹಾಗಾಗಿ ಬರಿಗಾಲಿನ ಚರಿತ್ರೆ ಎಲ್ಲೇ ಇದ್ದರೂ ನಾವು ಹುಡುಕಿ ಓದುತ್ತೇವೆ. ಭಾರತದ ಫುಟ್‌ಬಾಲಿನಲ್ಲಿ ಅದು ಬೇಕಾದಷ್ಟಿದೆ.

ಈ ಆಟ ನಮ್ಮ ನಾಡಿಗೆ ಬಂದದ್ದು ದಂಡಿನ ಜೊತೆ. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಪ್ರದೇಶ ಕಟ್ಟಿದರು. ಸೋಲ್ಜರುಗಳ ಆಟವನ್ನು ದಂಡಿನ ಸುತ್ತ ಬದುಕಿದ ದುಡಿಯುವ ಜನ ತಮ್ಮದು ಮಾಡಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಪಲ್ಟನ್ನುಗಳ ಸ್ವತ್ತಿನಂತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮಾರನೆ ವರ್ಷವೂ ಬಿಟ್ಟುಕೊಡಲಿಲ್ಲ. ಹಲಸೂರಿನ ಗೌತಮಪುರಕ್ಕೆ ಹೋದರೆ ಇವತ್ತಿಗೂ ಕಾಣುತ್ತದೆ: ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ಜೊತೆಗೆ ಬ್ರೆಜಿಲ್‌ನ ಕಪ್ಪು ಆಟಗಾರ ಪೆಲೆಯ ಪ್ರತಿಮೆ. ಯಾರನ್ನು ಯಾರ ಪಕ್ಕ ನಿಲ್ಲಿಸಬೇಕು ಅನ್ನೋದು ಆ ಜನಕ್ಕೆ ಗೊತ್ತು.

1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಆಡಿತು. ಹನ್ನೊಂದು ಜನರಲ್ಲಿ ಎಂಟು ಜನರದು ಬರಿಗಾಲು. 2-1ರಿಂದ ಸೋತರು. ನಮ್ಮ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಎಸ್. ರಾಮನ್. ಎರಡು ಪೆನಾಲ್ಟಿ ಕೈತಪ್ಪದೆ ಹೋಗಿದ್ದರೆ ಕತೆಯೇ ಬೇರೆ. ಆದರೂ ಲಂಡನ್ನಿನ ಜನ ಆ ಬರಿಗಾಲುಗಳನ್ನು ಬೆರಗಿನಿಂದ ಹೊಗಳಿದರು.

ಎರಡು ವರ್ಷ ಆಗುವಷ್ಟರಲ್ಲಿ ಅದೇ ಬರಿಗಾಲು ಅಪರಾಧಿ ಆಯಿತು. 1950ರಲ್ಲಿ ಬ್ರೆಜಿಲ್‌ನ ವಿಶ್ವಕಪ್ಪಿಗೆ ಹೋಗುವ ಅವಕಾಶ ಭಾರತಕ್ಕೆ ಇತ್ತು. ನಾವು ಹೋಗಲಿಲ್ಲ. ಬೂಟಿಲ್ಲದೆ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಅಂತ ಕತೆ ಹಬ್ಬಿತು. ಶಾಲೆ ಮಕ್ಕಳ ಕ್ವಿಜ್ಜಿನವರೆಗೂ ಆ ಕತೆ ಇಳಿದಿದೆ. ನಿಜ ಬೇರೆ. ಪ್ರಯಾಣದ ಖರ್ಚಿನ ದೊಡ್ಡ ಪಾಲನ್ನು ಬ್ರೆಜಿಲ್ಲೇ ಕೊಡುತ್ತೇನೆ ಅಂದಿತ್ತು. ಫೆಡರೇಷನ್ನಿನವರು ಅಭ್ಯಾಸಕ್ಕೆ ಸಮಯ ಸಾಲದು, ತಂಡದ ಆಯ್ಕೆಯಲ್ಲಿ ಒಮ್ಮತ ಇಲ್ಲ ಅಂದರು. ಅವರಿಗೆ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ಪು ಲೆಕ್ಕಕ್ಕೇ ಇರಲಿಲ್ಲ. ಬೇಡ ಅಂದೋರು ಬೂಟು ಹಾಕಿಕೊಂಡೋರು. ತಪ್ಪು ಹೊತ್ತದ್ದು ಬರಿಗಾಲು. ಗೆಳೆಯರೆ, ಈ ಲೆಕ್ಕ ನಮ್ಮ ಹಟ್ಟಿಗಳಿಗೆ ಹೊಸದಲ್ಲ.

1951ರ ಮಾರ್ಚ್ 10, ದಿಲ್ಲಿ. ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲ್. ಎದುರಾಳಿ ಇರಾನ್. ಹಿಂದಿನ ದಿನ ತೂಗಿ ನೋಡಿದ್ದರೆ ತಕ್ಕಡಿ ನಮ್ಮ ಕಡೆ ವಾಲುತ್ತಿತ್ತು. ಭಾರತ ಇಂಡೋನೇಷ್ಯಾವನ್ನೂ ಆಫ್ಘಾನಿಸ್ತಾನವನ್ನೂ 3-0 ಅಂತರದಲ್ಲಿ ಸೋಲಿಸಿ ಬಂದಿತ್ತು. ಇರಾನಿಗೆ ಜಪಾನಿನ ಮೇಲೆ ಎರಡು ಸಲ ಆಡಬೇಕಾಗಿ ಬಂದು ಕಾಲು ಸೋತಿತ್ತು. ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿಗೆ ಚಿನ್ನ ನಮ್ಮದಾಯಿತು. ಆ ತಂಡದಲ್ಲಿ ಹಾವಾಡಿಗ ಅಂತ ಹೆಸರಾದ ಬೆಂಗಳೂರಿನ ಅಹಮದ್ ಖಾನ್ ಇದ್ದರು. ಮಾರನೆ ವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಚಚ್ಚಿ ಹಾಕಿತು. ಆ ಒಂದು ಗೋಲು ಅಹಮದ್ ಖಾನರದು. ಅದಾದ ಮೇಲೆ ಬೂಟು ಕಡ್ಡಾಯ ಆಯಿತು. ಬೆಂಗಳೂರಿನ ಕೆಂಪಯ್ಯ ಇದ್ದ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಸೆಮಿಫೈನಲ್ ಮುಟ್ಟಿತು. ಬೂಟು ಕೊಟ್ಟು ನಾಲ್ಕು ವರ್ಷ ಕಾದರೆ ಇಷ್ಟಾಗುತ್ತದೆ.

1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ ದಕ್ಷಿಣ ಕೊರಿಯಾದ ಮೇಲೆ ಏಷ್ಯನ್ ಕೂಟದ ಇನ್ನೊಂದು ಫೈನಲ್. ಅದೇ ಕೂಟದ ಮೊದಲ ಪಂದ್ಯದಲ್ಲಿ ಕೊರಿಯಾ ನಮ್ಮನ್ನು 2-0ಯಿಂದ ಸೋಲಿಸಿತ್ತು. ಇಸ್ರೇಲ್, ತೈವಾನ್‌ಗಳನ್ನು ಹೊರಗಿಟ್ಟದ್ದನ್ನು ಭಾರತದ ಜಿ.ಡಿ. ಸೋಂಧಿ ಪ್ರಶ್ನಿಸಿದರು ಅಂತ ಮೈದಾನದ ಜನ ನಮ್ಮ ಮೇಲೆ ಉರಿದುಬಿದ್ದಿದ್ದರು. ಅಧಿಕಾರಿ ಮಾತಾಡಿದ್ದು, ಬೈಗುಳ ತಿಂದದ್ದು ಆಟಗಾರರು. ಪಿ.ಕೆ. ಬ್ಯಾನರ್ಜಿ, ಜರ್ನೈಲ್ ಸಿಂಗ್ ಗೋಲು ಹೊಡೆದು 2-1ರಿಂದ ಗೆದ್ದರು. ಏಷ್ಯನ್ ಕೂಟದ ಫುಟ್‌ಬಾಲ್ ಚಿನ್ನ ಆಮೇಲೆ ನಮಗೆ ಸಿಕ್ಕಿಲ್ಲ.

ಕಾಲಿನ ಮಾತಾಡಿ ಚೆಂಡಿನ ಮಾತು ಬಿಡೋದು ಹೇಗೆ? ಆ ಕಾಲದ ಚೆಂಡು ಚಕ್ಕಳದ್ದು. 1947ರ ದೇಶವಿಭಜನೆಯಲ್ಲಿ ಸಿಯಾಲ್‌ಕೋಟದಿಂದ ಜಲಂಧರಕ್ಕೆ ಬಂದ ಆಟದ ಸಾಮಾನಿನ ಉದ್ಯಮದಲ್ಲಿ ಚೆಂಡು ಹೊಲಿದ ಕೈಗಳು ಹೆಚ್ಚಾಗಿ ದಲಿತರವು. ಚಕ್ಕಳ ಹದ ಮಾಡಿದವನನ್ನು ಮುಟ್ಟಬಾರದು, ಅವನು ಹೊಲಿದ ಚೆಂಡನ್ನು ತಲೆ ಮೇಲೆ ಹೊಡೆಸಿಕೊಳ್ಳಬಹುದು. ಯಾವ ಶಾಸ್ತ್ರ ಇದು?

ಇನ್ನು ನಮ್ಮ ಕಣ್ಣೆದುರಿನ ಫೈನಲ್. 2023ರ ಜುಲೈ 4, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ದಕ್ಷಿಣ ಏಷ್ಯಾದ ಸ್ಯಾಫ್ ಕಪ್ಪಿಗೆ ಭಾರತ ಮತ್ತು ಆಹ್ವಾನಿತ ತಂಡ ಕುವೈತ್. ಹಿಂದಿನ ವಾರವಷ್ಟೇ ಇಬ್ಬರೂ 1-1ರಲ್ಲಿ ಸಮ ಆಗಿದ್ದರು. ಕುವೈತ್ 1982ರ ವಿಶ್ವಕಪ್ ಆಡಿದ ದೇಶ. ನಾವು ಸೆಮಿಫೈನಲ್‌ನಲ್ಲಿ ಲೆಬನಾನನ್ನು ಪೆನಾಲ್ಟಿಯಲ್ಲಿ ದಾಟಿ ಬಂದವರು. ಎದುರಾಳಿ ಅಂದರು. ಆದರೆ ಆ ಎದುರಾಳಿಯ ನಾಡಿನಲ್ಲಿ ಲಕ್ಷಾಂತರ ಭಾರತೀಯರು ಕೂಲಿಗೆ ಇದ್ದಾರೆ. 2024ರ ಜೂನ್ 12ರಂದು ಅಲ್ಲಿನ ಮಂಗಾಫ್‌ನ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಸತ್ತರು. ಸ್ಕೋರು ಬರೆಯುವ ಹಲಗೆಯಲ್ಲಿ ಅಂಥ ಲೆಕ್ಕಕ್ಕೆ ಜಾಗ ಇಲ್ಲ.

ಕುವೈತ್ ಮೊದಲು ಗೋಲು ಹೊಡೆಯಿತು. ಮಿಜೋರಾಂನ ಚಾಂಗ್ಟೆ ಸಮ ಮಾಡಿದ. ಪೆನಾಲ್ಟಿಯಲ್ಲಿ ಮಣಿಪುರದ ಉದಾಂತ ತಪ್ಪಿದ, ಕೊನೆಗೆ ಅದೇ ಮಣಿಪುರದ ಮಹೇಶ್ ಹೊಡೆದ. ಗುರುಪ್ರೀತ್ ಸಿಂಗ್ ಸಂಧು ಮುಂದಿನದನ್ನು ತಡೆದ. 5-4. ಭಾರತಕ್ಕೆ ಒಂಬತ್ತನೆ ಸ್ಯಾಫ್ ಕಪ್. ಆ ದಿನಕ್ಕೆ ಮಣಿಪುರ ಹತ್ತಿ ಉರಿಯತೊಡಗಿ ಎರಡು ತಿಂಗಳು. ಅಲ್ಲಿನ ಇನ್ನೊಬ್ಬ ಹುಡುಗ ಜೀಕ್ಸನ್ ಸಿಂಗ್ ಏಳು ಬಣ್ಣದ ಬಾವುಟ ಹೊದ್ದು ಪದಕ ತಗೊಂಡ. ಪ್ರತ್ಯೇಕತೆ ಅಂತ ಕೆಲವರು ಕೂಗಿದರು. ನಾಡಿನಲ್ಲಿ ಶಾಂತಿ ಬೇಕು, ಅದನ್ನು ಎಲ್ಲರೂ ಗಮನಿಸಲಿ ಅಂತ ಹೊದ್ದೆ ಅಂದ ಅವನು. ಗೋಲು ಹೊಡೆಯುವಾಗ ಈ ಹುಡುಗರು ದೇಶದವರು. ಮನೆ ಸುಡುತ್ತಿದೆ ಅಂದರೆ ಮಾತ್ರ ಎಲ್ಲಿಯವರು ಅಂತ ಕೇಳುತ್ತಾರೆ.

ಮುಂದೆ ಯಾವುದೋ ಫೈನಲ್ ಬರುತ್ತದೆ. ಮತ್ತೆ ಎರಡು ಬಾವುಟ ಅಚ್ಚಾಗುತ್ತವೆ. ಅವತ್ತು ಕಾಲು ನೋಡಿ. ಗೆದ್ದ ಕಾಲಿನ ಊರು ಕೇಳಿ, ಸೋತ ಕಾಲಿನ ಮೇಲೆ ಯಾರ ತಪ್ಪು ಹೇರುತ್ತಿದ್ದಾರೆ ನೋಡಿ. ನಮ್ಮ ಸೀಮೆಯ ಹಟ್ಟಿ ಹುಡುಗರಿಗೆ ಒಂದು ಮೈದಾನ, ಒಂದು ಚೆಂಡು, ಹನ್ನೊಂದು ಜೊತೆ ಬೂಟು ಕೊಡಿ. ದೇಶದ ಮಾತು ಆಮೇಲೆ ಆಡೋಣ.