ಕರ್ಣನ ಕುಲ, ಕವಿಯ ಕುಲ

ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ, ಕೌರವ ಸೇನೆಗೆ ಭೀಷ್ಮನನ್ನು ನಾಯಕನನ್ನಾಗಿ ಮಾಡಿದಾಗ ಕರ್ಣ ಆ ಮುದುಕನ ವಯಸ್ಸನ್ನು ಹಂಗಿಸುತ್ತಾನೆ. ಸಿಟ್ಟಾದ ದ್ರೋಣ, ನಿನ್ನ ಕುಲ ಎಂಥದೆಂದು ನಿನ್ನ ನಾಲಿಗೆಯೇ ಹೇಳುತ್ತಿದೆ ಎಂದು ಚುಚ್ಚುತ್ತಾನೆ. ಛಲ, ಗುಣ, ಅಭಿಮಾನ, ಪರಾಕ್ರಮಗಳೇ ಕುಲ ಎಂದು ಕರ್ಣ ಎದುರಾಡುತ್ತಾನೆ. ಈ ಮಾತನ್ನು ಪಂಪನ ಸ್ವಂತ ಮತವೆಂಬಂತೆ ನಾವು ಭಾಷಣಗಳಲ್ಲಿ ಬಳಸುತ್ತೇವೆ. ಆದರೆ ಪಾತ್ರ ಆಡಿದ್ದಕ್ಕೆಲ್ಲ ಕವಿಯನ್ನು ಸಾಕ್ಷಿಗೆ ಕರೆಯಬಹುದೆ? ಅವನ ಮನೆತನವೇ ಬಿಟ್ಟುಹೋದ ದಾಖಲೆಗಳನ್ನು ನೋಡೋಣವೆಂದು ಹೊರಟೆ.

ಮೊದಲ ದಾಖಲೆ ‘ವಿಕ್ರಮಾರ್ಜುನ ವಿಜಯ’ದ ಹದಿನಾಲ್ಕನೆಯ, ಅಂದರೆ ಕೊನೆಯ ಆಶ್ವಾಸದಲ್ಲೇ ಇದೆ. ಅಲ್ಲಿ ಪಂಪ ತನ್ನ ವಂಶವನ್ನು ವೆಂಗಿ ನಾಡಿನ ಮಾಧವ ಸೋಮಯಾಜಿಯಿಂದ ಎಣಿಸುತ್ತಾನೆ. ಯಜ್ಞಗಳನ್ನು ಮಾಡಿ ಹೆಸರಾದ ಈ ಪೂರ್ವಜನ ಬೆಳ್ಳನೆಯ ಕೀರ್ತಿಗೆ ಹೋಮದ ಹೊಗೆಯೇ ಮಸಿ ಬಳಿಯಿತೆಂದು ಕುಟುಕುತ್ತಾನೆ. ತಂದೆ ಅಭಿರಾಮದೇವರಾಯ ಜೈನನಾದ. ಜಾತಿಗಳಲ್ಲಿ ಉತ್ತಮನಾದ ಬ್ರಾಹ್ಮಣನಿಗೆ ಒಪ್ಪುವ ಧರ್ಮ ಜಿನಧರ್ಮವೇ ಎಂಬುದು ಅವನ ತೀರ್ಮಾನ. ಯಜ್ಞ ಹೋಯಿತು, ಮೇಲುಕುಲದ ಎಣಿಕೆ ಹೋಗಲಿಲ್ಲ.

ಎರಡನೆಯ ದಾಖಲೆ ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲದ ಬಳಿ, ಬೊಮ್ಮಲಮ್ಮ ಗುಟ್ಟದ ಬಂಡೆಯ ಮೇಲಿದೆ. ಬರೆಸಿದವನು ಪಂಪನ ತಮ್ಮ ಜಿನವಲ್ಲಭ. ಕಾಲ 10ನೆಯ ಶತಮಾನದ ನಡುಭಾಗ. ಕನ್ನಡ, ಸಂಸ್ಕೃತ, ತೆಲುಗು ಮೂರೂ ಅದರಲ್ಲಿವೆ. ಚಕ್ರೇಶ್ವರಿ ಮತ್ತು ಜಿನರ ಬಿಂಬಗಳನ್ನು ಕಡೆಸಿದ್ದು, ತ್ರಿಭುವನತಿಲಕ ಬಸದಿ ಕಟ್ಟಿಸಿದ್ದು, ಮದನವಿಲಾಸವೆಂಬ ತೋಟ ಮಾಡಿಸಿದ್ದು ಎಲ್ಲವೂ ಅಲ್ಲಿ ದಾಖಲಾಗಿವೆ. ತೋಡಿಸಿದ ಕೆರೆಗೆ ಅಣ್ಣನ ಬಿರುದನ್ನೇ ಇಟ್ಟು ‘ಕವಿತಾಗುಣಾರ್ಣವ’ ಎಂದಿದ್ದಾನೆ. ಆಶ್ರಯದಾತ ಅರಿಕೇಸರಿ ಪಂಪನಿಗೆ ಕೊಟ್ಟ ಧರ್ಮಪುರದ ಅಗ್ರಹಾರವೂ ಇಲ್ಲಿ ಬರುತ್ತದೆ. ಯುದ್ಧದ ಕಾವ್ಯಕ್ಕೆ ಸಿಕ್ಕ ಉಡುಗೊರೆಯನ್ನು ಜಿನಬಿಂಬದ ಪಕ್ಕದಲ್ಲಿ ಕೆತ್ತಿಸಲು ಆ ಮನೆಗೆ ಸಂಕೋಚವಿರಲಿಲ್ಲ.

ತಂದೆಯ ಹೆಸರು ಬಂಡೆಯಲ್ಲಿ ಭೀಮಪಯ್ಯ. ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಕಾವ್ಯ ಹೇಳದೆ ಬಿಟ್ಟದ್ದನ್ನು ತಮ್ಮ ತುಂಬಿಕೊಟ್ಟಿದ್ದಾನೆ. ನನ್ನ ಪ್ರಶ್ನೆಗೆ ಬೇಕಾದ ಸಾಲು ಇವುಗಳ ಜೊತೆಯಲ್ಲೇ ಇತ್ತು: ಕಮ್ಮೆ ಬ್ರಾಹ್ಮಣರು, ಶ್ರೀವತ್ಸ ಗೋತ್ರ. ಜಿನನ ಹೆಸರಿಟ್ಟುಕೊಂಡವನು ಜಿನಬಿಂಬದ ಬಳಿಯಲ್ಲೇ ಗೋತ್ರ ಹೇಳಿಕೊಳ್ಳುತ್ತಿದ್ದಾನೆ!

ಹಾಗಾದರೆ ಕುಲವನ್ನು ಧಿಕ್ಕರಿಸಿದ ಪಂಪ ನಾವು ಕಟ್ಟಿಕೊಂಡ ಚಿತ್ರವೆ? ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ಕಾವ್ಯದ ನಾಯಕ ಅರ್ಜುನ, ಅವನಲ್ಲಿ ಪಂಪ ಕಾಣಿಸುವುದು ಆಶ್ರಯದಾತ ಅರಿಕೇಸರಿಯನ್ನೇ. ಹಾಗಿದ್ದೂ ಕರ್ಣ ಸತ್ತಾಗ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಇವನನ್ನೇ ನೆನೆಯಿರಿ ಎನ್ನುವವನು ಯಾವ ಪಾತ್ರವೂ ಅಲ್ಲ, ಕವಿಯೇ.

ಮತ್ತೆ ಕರ್ಣನ ಉತ್ತರಕ್ಕೆ ಬಂದೆ. ಕುಲವೇ ಸುಳ್ಳೆಂದು ಅವನು ಎಲ್ಲಿಯೂ ಹೇಳಿಲ್ಲ. ಕುಲದ ಹಿರಿಮೆ ಯಾವುದರಲ್ಲಿದೆ ಎಂಬುದನ್ನಷ್ಟೇ ಬದಲಿಸುತ್ತಾನೆ. ಪಂಪನ ತಂದೆ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ: ಬ್ರಾಹ್ಮಣಿಕೆಯನ್ನು ಉಳಿಸಿಕೊಂಡು ಅದರ ಹಿರಿಮೆಯನ್ನು ಹೋಮದಿಂದ ಜಿನಧರ್ಮಕ್ಕೆ ಸಾಗಿಸಿದ. ಆದರೆ ಹುಟ್ಟಿನ ಆಸರೆ ಅವನಿಗಿತ್ತು, ಕರ್ಣನಿಗಿರಲಿಲ್ಲ. ಅದಕ್ಕೇ ಪಂಪನ ಮನೆ ನಿಂತ ಕಡೆಯಿಂದ ಅವನ ಕರ್ಣ ಒಂದು ಹೆಜ್ಜೆ ಮುಂದೆ ಹೋಗಬೇಕಾಯಿತು. ಆ ಮಾತನ್ನು ಪಂಪನ ಘೋಷಣೆ ಎನ್ನುವುದಕ್ಕಿಂತ, ತನ್ನ ಕುಲ ಕೊಟ್ಟ ಭದ್ರತೆಯನ್ನು ಮೀರಿ ಅವನು ಯೋಚಿಸಿದ ಗುರುತು ಎನ್ನುವುದು ದಾಖಲೆಗಳಿಗೆ ಹತ್ತಿರದ ಮಾತು.